ಮೆಟ್ಟಿಲ ತಿರುವಿನ ನೀಲಿ ಬೋರ್ಡು

ಗೋಡೆಯ ಮೇಲಿನ ಚಿತ್ರ ಬಿದ್ದಾಗ ಮಾಸ್ಟರ್ ಅಡುಗೆಮನೆಯಲ್ಲಿ ಟೀ ಕಾಯಿಸಿಕೊಳ್ಳುತ್ತಿದ್ದರು. ಒಬ್ಬರಿಗಾಗುವಷ್ಟು ಟೀ ಮಾಡುವುದು ಅವರಿಗಿನ್ನೂ ಕೈಹತ್ತಿರಲಿಲ್ಲ. ಒಂದು ದಿನ ಲೋಟ ತುಂಬಿ ಮಿಕ್ಕುತ್ತಿತ್ತು, ಇನ್ನೊಂದು ದಿನ ಪಾತ್ರೆಯ ತಳ ಹಿಡಿದು ಕಹಿಯಾಗುತ್ತಿತ್ತು. ಬದುಕೆಲ್ಲ ಬಟ್ಟೆ ಅಳೆದು ಕತ್ತರಿಸಿದ ಕೈ ಅಂಗೈಯಗಲದ ಒಂದು ಪಾತ್ರೆಯ ಮುಂದೆ ಸೋತುಹೋಗಿತ್ತು.

ಹೊರಗಿನ ಕೋಣೆಯಲ್ಲಿ ಧಡ್ಡೆಂದಿತು. ಹಿಂದೆಯೇ ಗಾಜು ಚೂರಾದ ಸದ್ದು. ಒಲೆ ಆರಿಸಿ ಬಂದು ನೋಡಿದರೆ ಅಕ್ಕನ ಕುರ್ಚಿಯ ಮೇಲಿನ ಗೋಡೆ ಬೋಳಾಗಿತ್ತು. ಚಿತ್ರ ತೂಗುಹಾಕಿದ್ದ ದಾರ ಹಳತಾಗಿ ತುಂಡಾಗಿತ್ತು. ಮೊಳೆ ಮಾತ್ರ ತನ್ನದೇನೂ ತಪ್ಪಿಲ್ಲವೆಂಬಂತೆ ನೆಟ್ಟಗೆ ನಿಂತಿತ್ತು.

ದೊಡ್ಡ ಚಿತ್ರ ಅದು. ಒಂದು ಸರೋವರ, ಒಂದು ದೋಣಿ, ದೋಣಿಯಲ್ಲಿ ಹುಟ್ಟು ಹಿಡಿದ ಒಬ್ಬ ಮನುಷ್ಯ. ಸಂಜೆ ದೀಪ ಹಾಕಿದಾಗಲೆಲ್ಲ ಅಕ್ಕ ತಲೆಯೆತ್ತಿ, "ಇವತ್ತೂ ದಡ ಮುಟ್ಟಲಿಲ್ಲ ನೋಡು, ಸೋಮಾರಿ" ಎನ್ನುತ್ತಿದ್ದಳು. ಮಾಸ್ಟರ್ "ಹೂಂ" ಎನ್ನುತ್ತಿದ್ದರು. ಆ ಎರಡು ಮಾತಿಗೇ ಅವರ ಸಂಜೆ ತುಂಬಿಹೋಗುತ್ತಿತ್ತು.

ಅಕ್ಕ ತೀರಿಕೊಂಡು ವರ್ಷವಾಗುತ್ತ ಬಂದಿತ್ತು.

ಆ ಕಟ್ಟಡದಲ್ಲಿ ಅಕ್ಕನನ್ನು ಅರಿಯದವರಿರಲಿಲ್ಲ. ಮೊದಲ ಮಹಡಿಯ ಮನೆ. ಯಾರು ಮೇಲೆ ಹೋಗಬೇಕಾದರೂ ಅವಳ ಮುಂದೆಯೇ ಹಾಯಬೇಕು. ಬಾಗಿಲು ತೆರೆದಿಟ್ಟು, ಬಾಗಿಲಿಗೇ ಕುರ್ಚಿ ಎಳೆದುಕೊಂಡು ಕೂತಳೆಂದರೆ ಹತ್ತುವವರು ಒಂದು ಮಾತು ಕೊಟ್ಟು ಒಂದು ಮಾತು ತೆಗೆದುಕೊಂಡು ಹೋಗುತ್ತಿದ್ದರು. ನಾಳೆ ನೀರು ನಿಲ್ಲುತ್ತದೆ, ಯಾರದೋ ಪಾರ್ಸೆಲ್ ಬಂದಿದೆ, ಮೇಲಿನ ಮನೆಯ ಮಗುವಿಗೆ ಹಲ್ಲು ಹುಟ್ಟಿದೆ, ಎಲ್ಲ ಅವಳಿಗೆ ಗೊತ್ತು. ಅರ್ಧ ಕಟ್ಟಡದ ಬೀಗದ ಕೈಗಳು ಅವಳ ಒಂದು ಹಳೆಯ ಡಬ್ಬಿಯಲ್ಲಿರುತ್ತಿದ್ದವು.

ಮಾಸ್ಟರ್ ಅಂದರೆ ಅಕ್ಕನ ತಮ್ಮ. ಅಷ್ಟೇ ಅವರ ಗುರುತು. ಕೋಟು ಹೊಲಿಯುವ ದೊಡ್ಡ ಅಂಗಡಿಯೊಂದರಲ್ಲಿ ಕಟಿಂಗ್ ಮಾಸ್ಟರ್ ಆಗಿದ್ದವರು. ಅಲ್ಲಿ ಬೆಳಗಿನಿಂದ ಸಂಜೆಯವರೆಗೆ ತುಟಿಗಳ ನಡುವೆ ಗುಂಡುಸೂಜಿ ಕಚ್ಚಿಕೊಂಡೇ ಕೆಲಸ. ಗಿರಾಕಿ ಕೇಳಿದ್ದಕ್ಕೆ ಹೂಂ, ಊಹೂಂ. ತೋಳು ಎತ್ತಿ ಎನ್ನುವುದಕ್ಕೆ ಗಲ್ಲದಿಂದ ಒಂದು ಸನ್ನೆ. "ಇವನಿಗೆ ಮಾತಾಡೋಕೆ ಬಾಯಿ ಎಲ್ಲಿ ಖಾಲಿ ಇತ್ತು? ಅದಕ್ಕೇ ಇವನ ಪಾಲಿನದನ್ನೂ ನಾನೇ ಆಡಬೇಕು" ಎಂದು ಅಕ್ಕ ಬಂದವರೆದುರು ನಗುತ್ತಿದ್ದಳು. ಅಂಗಡಿ ಬಿಟ್ಟ ಮೇಲೆ ಸೂಜಿಗಳೇನೋ ಬಾಯಿಂದ ಹೋದವು. ಮಾತು ಬರಲಿಲ್ಲ.

ಅವಳು ಹೋದ ಹೊಸದರಲ್ಲಿ ನಾಲ್ಕು ಜನ ಬಂದು ಕೂತೆದ್ದು ಹೋದರು. ಮಾಸ್ಟರ್ ಎದುರಿಗೆ ಕೂತು ಅವರ ಅಂಗಿಯ ಕಾಲರನ್ನೇ ನೋಡುತ್ತಿದ್ದರು. ಬರಬರುತ್ತ ಆ ಬರುವಿಕೆಯೂ ನಿಂತಿತು. ಯಾರ ಮನಸ್ಸೂ ಕಲ್ಲಲ್ಲ; ಸುಮ್ಮನೆ ಹೂಂ ಎನ್ನುವವರ ಮುಂದೆ ಎಷ್ಟು ಹೊತ್ತು ಕೂರಲಾದೀತು.

ಗಾಜಿನ ಚೂರುಗಳನ್ನು ಗುಡಿಸಿ ತೆಗೆದು, ಮಾಸ್ಟರ್ ಚೌಕಟ್ಟನ್ನು ಮೇಜಿನ ಮೇಲೆ ಬೋರಲು ಹಾಕಿದರು. ಹಿಂದಿನ ಕಂದು ಕಾಗದ ಮುಟ್ಟಿದರೆ ಪುಡಿಯಾಗುವಂತಿತ್ತು. ಕಾಗದ ಕಿತ್ತು, ಸಣ್ಣ ಮೊಳೆಗಳನ್ನು ಇಕ್ಕಳದಿಂದ ಒಂದೊಂದಾಗಿ ಎಳೆದರು. ಒಳಗೆ ಧೂಳು ಬಿಟ್ಟರೆ ಏನೂ ಇರಲಿಲ್ಲ. ಚಿತ್ರದ ಅಂಚನ್ನು ಹುಳು ತಿಂದಿತ್ತು, ದೋಣಿಯವನು ಮಾತ್ರ ಹಾಗೇ ಇದ್ದ. ಅವನನ್ನು ಸುರುಳಿ ಸುತ್ತಿ ಕಪಾಟಿನ ಮೇಲಿಟ್ಟರು. ಉಳಿದದ್ದು ಖಾಲಿ ಚೌಕಟ್ಟು, ಅದರ ಬೆನ್ನಿಗಿದ್ದ ಗಟ್ಟಿ ರಟ್ಟು.

ಅದನ್ನು ನೋಡುತ್ತ ನಿಂತಾಗಲೇ ಅವರಿಗೆ ಎರಡನೇ ಮಹಡಿಯ ನರ್ಸ್ ನೆನಪಾದದ್ದು. ಕೆಲವು ದಿನಗಳ ಹಿಂದೆ ಮೆಟ್ಟಿಲಲ್ಲಿ ಎದುರಾದವಳು, "ಮಾಸ್ಟರ್, ಇವತ್ತು ಕರೆಂಟ್ ಎಷ್ಟು ಹೊತ್ತಿಗೆ ಹೋಗುತ್ತಂತೆ, ಏನಾದ್ರೂ ಗೊತ್ತಾ?" ಎಂದು ಕೇಳಿದ್ದಳು. ಮಾಸ್ಟರ್ ಗೊತ್ತಿಲ್ಲವೆಂದು ತಲೆಯಾಡಿಸಿದ್ದರು. "ಅಕ್ಕ ಇದ್ದಿದ್ರೆ ಗೊತ್ತಿರ್ತಿತ್ತು" ಎಂದು ಅವಳು ಮೆಲ್ಲಗೆ, ತನಗೇ ಹೇಳಿಕೊಂಡಂತೆ ಹೇಳಿ ಹತ್ತಿಹೋಗಿದ್ದಳು. ಚುಚ್ಚಬೇಕೆಂದು ಆಡಿದ ಮಾತಲ್ಲ. ಆದರೂ ಮಾಸ್ಟರಿಗೆ ಆ ಹೊತ್ತು ಊಟ ಸೇರಿರಲಿಲ್ಲ.

ಈ ಚೌಕಟ್ಟನ್ನೊಂದು ಬೋರ್ಡು ಮಾಡಿ ಮೆಟ್ಟಿಲ ತಿರುವಿನಲ್ಲಿ ಹಾಕಿದರೆ? ನೀರಿನ ಸುದ್ದಿ, ಕರೆಂಟಿನ ಸುದ್ದಿ, ಪಾರ್ಸೆಲ್ಲಿನ ಚೀಟಿ, ಕಳೆದದ್ದು, ಸಿಕ್ಕಿದ್ದು, ಎಲ್ಲವನ್ನೂ ಜನ ಅಲ್ಲಿ ಚುಚ್ಚಿ ಹೋಗಲಿ. ಅಕ್ಕನ ಕುರ್ಚಿ ಮಾಡುತ್ತಿದ್ದ ಕೆಲಸವನ್ನು ಅದು ಮಾಡಲಿ. ಗುಂಡುಸೂಜಿಯಂತೂ ತಮಗೆ ಹಳೆಯ ನೆಂಟ. ಚೀಟಿ ಚುಚ್ಚಲು ನಿಂತವರು, "ಇದನ್ನು ಯಾರು ಮಾಡಿದ್ದು?" ಎಂದು ಕೇಳಿಯಾರು, ಒಬ್ಬರಾದರೂ ಬಾಗಿಲು ತಟ್ಟಿಯಾರು. ಆ ಕೊನೆಯ ಆಸೆಯನ್ನು ಅವರು ಮನಸ್ಸಿನೊಳಗೂ ಗಟ್ಟಿಯಾಗಿ ಹೇಳಿಕೊಳ್ಳಲಿಲ್ಲ.

ಮೂಲೆಯಂಗಡಿಗೆ ಹೋಗಿ ರಟ್ಟಿನ ಪೆಟ್ಟಿಗೆ ಕೇಳಿದರು.

"ಏನು ಮಾಸ್ಟರ್, ಮನೆ ಖಾಲಿ ಮಾಡ್ತಿದ್ದೀರಾ?" ಅಂಗಡಿಯವನ ಮುಖ ಸಪ್ಪಗಾಯಿತು.

"ಊಹೂಂ."

"ಮತ್ತೆ ಪೆಟ್ಟಿಗೆ ಯಾಕೆ? ಬೆಕ್ಕು ಸಾಕ್ತೀರಾ?"

"ಬೋರ್ಡು."

"ಬೋರ್ಡಾ. ಅಂಗಡಿ ಹಾಕ್ತೀರೇನೋ ಅಂದ್ಕೊಂಡೆ, ಗಾಬರಿಯಾಯ್ತು. ಇದೇ ಬೀದೀಲಿ ನನಗೆ ಇನ್ನೊಬ್ಬ ಎದುರಾಳಿ ಬೇಡಪ್ಪಾ." ಹಾಗೆನ್ನುತ್ತಲೇ ಅವನು ಒಳಗಿದ್ದ ಒಂದು ಗಟ್ಟಿಮುಟ್ಟಾದ ಪೆಟ್ಟಿಗೆಯಿಂದ ಸೋಪುಗಳನ್ನೆಲ್ಲ ತೆಗೆದು ಬುಟ್ಟಿಗೆ ಸುರಿದು, ಪೆಟ್ಟಿಗೆ ಕೊಟ್ಟ. ಹೊರಗೆ ಖಾಲಿ ಪೆಟ್ಟಿಗೆಗಳು ರಾಶಿ ಬಿದ್ದಿದ್ದವು, ಆದರೆ ಅವು ನೆನೆದಿದ್ದವು.

ಆಮೇಲಿನ ದಿನಗಳು ಮಾಸ್ಟರಿಗೆ ಹಗುರವಾಗಿ ಕಳೆದವು. ಚೌಕಟ್ಟನ್ನು ಎಣ್ಣೆಬಟ್ಟೆಯಿಂದ ಉಜ್ಜಿ, ಹುಳು ಕೊರೆದ ತೂತುಗಳಿಗೆ ಮೇಣ ತುಂಬಿದರು. ರಟ್ಟನ್ನು ಅಳತೆಗೆ ಕತ್ತರಿಸಿ, ಒಂದರ ಮೇಲೊಂದು ಅಂಟಿಸಿ, ಮೇಲೆ ಇಸ್ತ್ರಿಪೆಟ್ಟಿಗೆ ಹೇರಿ ಒಣಗಲು ಬಿಟ್ಟರು. ಸೂಜಿ ಇಳಿಯುವಷ್ಟು ಮೆತ್ತಗೆ, ಜಾರದಷ್ಟು ಬಿಗಿ. ಅದರ ಮೇಲೊಂದು ಪದರ ಮೆತ್ತನೆಯ ಫ್ಲಾನೆಲ್ ಬಟ್ಟೆ. ಅದರ ಮೇಲೆ ಹೊದಿಸಲು ತಮ್ಮ ಬಟ್ಟೆಯ ಪೆಟ್ಟಿಗೆ ತೆರೆದು ಕಡುನೀಲಿ ಉಣ್ಣೆಬಟ್ಟೆಯ ಒಂದು ತುಂಡು ತೆಗೆದರು.

ಅದು ಅವರ ಸ್ವಂತ ಕೋಟಿಗೆಂದು ಎತ್ತಿಟ್ಟ ಬಟ್ಟೆ. "ಊರಿಗೆಲ್ಲ ಕೋಟು ಹೊಲಿದೆ, ನಿನಗೊಂದು ಹೊಲಿದುಕೊಳ್ಳೋ" ಎಂದು ಅಕ್ಕ ಹೇಳಿ ಹೇಳಿ ಸಾಕಾಗಿದ್ದಳು. ಹಾಕಿಕೊಂಡು ಹೋಗುವುದಾದರೂ ಎಲ್ಲಿಗೆ ಎಂದು ಅವರು ಮುಂದೂಡುತ್ತಲೇ ಬಂದಿದ್ದರು. ಬಟ್ಟೆ ಕೊಡವಿ, ನೀರು ಚಿಮುಕಿಸಿ ಇಸ್ತ್ರಿ ಮಾಡಿ, ನೇಯ್ಗೆಯ ಎಳೆ ಚೌಕಟ್ಟಿಗೆ ನೇರವಾಗಿ ಬರುವಂತೆ ಹಾಸಿದರು. ಮೊದಲು ನಾಲ್ಕೂ ಅಂಚುಗಳ ನಡುಮಧ್ಯ ಎಳೆದು ಬಿಗಿದು, ಅಲ್ಲಿಂದ ಮೂಲೆಗಳ ಕಡೆಗೆ ಸರಿಯುತ್ತ ಹೋದರು. ಮೂಲೆಯ ಮಡಿಕೆಯನ್ನು ಬೆನ್ನ ಹಿಂದೆ ಅಡಗಿಸಿದರು. ಮುಗಿದಾಗ ಒಂದು ಸುಕ್ಕಿಲ್ಲ, ಒಂದು ಉಬ್ಬಿಲ್ಲ. ಅಂಗಡಿಯಲ್ಲಿ ಕೆಲಸ ಕಲಿಸಿದ ದೊಡ್ಡ ಮಾಸ್ಟರ್ ಇದ್ದಿದ್ದರೆ ಅವರೂ ಬೆರಳಾಡಿಸಿ ನೋಡಿ ಸುಮ್ಮನಾಗುತ್ತಿದ್ದರು. ಸುಮ್ಮನಾಗುವುದೇ ಅವರ ಹೊಗಳಿಕೆ.

ನೆಲಮಹಡಿಗೂ ಮೊದಲ ಮಹಡಿಗೂ ನಡುವಿನ ತಿರುವಿನಲ್ಲಿ, ಕಿಟಕಿಯ ಬೆಳಕು ಬೀಳುವಲ್ಲಿ, ಬೋರ್ಡು ತೂಗಿತು. ಕೆಳಗಿನ ಅಂಚಿನ ಮೇಲೆ ಒಂದು ಪುಟ್ಟ ಡಬ್ಬಿಯಲ್ಲಿ ಗುಂಡುಸೂಜಿ ಇಟ್ಟರು. ಮನೆಗೆ ಬಂದು ಬಾಗಿಲ ಹಿಂದೆ ನಿಂತು ಕಿವಿಗೊಟ್ಟರು.

ಹೆಜ್ಜೆಗಳು ಹತ್ತಿಬರುವವು. ತಿರುವಿನಲ್ಲಿ ನಿಲ್ಲುವವು. ಮಾಸ್ಟರ್ ಉಸಿರು ಬಿಗಿಹಿಡಿಯುವರು. ಹೆಜ್ಜೆಗಳು ಮತ್ತೆ ಹೊರಟು, ಅವರ ಬಾಗಿಲು ದಾಟಿ ಮೇಲೇರಿ ಹೋಗುವವು. ದಿನವೂ ಹೀಗೇ ಆಯಿತು. ನಿಲ್ಲದವರಿಲ್ಲ, ಚುಚ್ಚಿದವರೂ ಇಲ್ಲ. ಸಂಜೆ ಇಳಿದು ಹೋಗಿ ನೋಡಿದರೆ ನೀಲಿ ಬಟ್ಟೆ ಹಾಸಿದ್ದು ಹಾಸಿದಂತೆಯೇ ಇರುತ್ತಿತ್ತು. ಸೂಜಿಯ ಡಬ್ಬಿಯ ಮುಚ್ಚಳವನ್ನೂ ಯಾರೂ ತೆಗೆದಿರುತ್ತಿರಲಿಲ್ಲ.

ಒಂದು ಬೆಳಿಗ್ಗೆ ತಿರುವಿನಲ್ಲಿ ಏನೋ ಸದ್ದಾಗುತ್ತಿತ್ತು. ಮಾಸ್ಟರ್ ಚಪ್ಪಲಿ ಮೆಟ್ಟಿ ಇಳಿದರು. ವಾಚ್‌ಮನ್ ನೀರು ನಿಲ್ಲುವ ಸೂಚನೆಯ ಹಾಳೆಯನ್ನು ಅಂಟುಪಟ್ಟಿಯಿಂದ ಗೋಡೆಗೆ ಅಂಟಿಸುತ್ತಿದ್ದ, ಬೋರ್ಡಿನಿಂದ ಒಂದು ಗೇಣು ಆಚೆಗೆ.

"ನಿಮ್ಮ ಫ್ರೇಮಿಗೆ ಒಂಚೂರೂ ತಾಗಿಸಿಲ್ಲ ಮಾಸ್ಟರ್" ಎಂದ ಅವನು, ಮೆಚ್ಚುಗೆ ಬರಲೆಂದು ಕಾಯುವವನಂತೆ. "ಮಕ್ಕಳಿಗೂ ಹೇಳಿಟ್ಟಿದ್ದೀನಿ. ಯಾರಾದ್ರೂ ಕೈ ಇಟ್ಟೀರ, ಕಿವಿ ಹಿಂಡ್ತೀನಿ ಅಂತ."

ಮಾಸ್ಟರ್ ಬಾಯಿ ತೆರೆದರು. ಎಷ್ಟು ಕಾಳಜಿಯಿಂದ ಕಾಯ್ದಿದ್ದ ಅವನು. ಬಾಯಿ ಮುಚ್ಚಿ, "ಹೂಂ" ಎಂದರು.

ಅಂದು ಮಧ್ಯಾಹ್ನ ಒಂದು ಪುಟ್ಟ ಬಿಳಿ ರಟ್ಟಿನ ಮೇಲೆ ದುಂಡಗೆ ಬರೆದರು: ಇಲ್ಲಿ ಚುಚ್ಚಬಹುದು. ತಿರುವಿಗೆ ಹೋಗಿ, ಸೂಜಿ ಹಿಡಿದು, ಬೋರ್ಡಿನ ನಡುವೆ ಕೈ ಒಯ್ದರು. ಕೈ ಬರಲಿಲ್ಲ. ಸೂಜಿಯ ಮೊನೆ ಬಟ್ಟೆಗೆ ತಾಗುವ ಮೊದಲೇ ಬೆರಳು ಹಿಂದೆ ಸರಿಯಿತು. ಕೆಲಸ ಕಲಿಯುವ ಕಾಲದಲ್ಲಿ ಬಟ್ಟೆಯ ಮುಖಕ್ಕೆ ಸೂಜಿ ತಾಗಿಸಿದರೆ ದೊಡ್ಡ ಮಾಸ್ಟರ್ ಬೆರಳ ಗಂಟಿನ ಮೇಲೆ ಅಳತೆಪಟ್ಟಿಯಿಂದ ಬಾರಿಸುತ್ತಿದ್ದರು. ಚುಚ್ಚುವುದಾದರೆ ಹೊಲಿಗೆ ನುಂಗುವ ಅಂಚಿನಲ್ಲಿ, ನಾಳೆ ಯಾರಿಗೂ ಕಾಣದಲ್ಲಿ. ಆ ಪಾಠ ತಲೆಯಲ್ಲಿದ್ದರೆ ಮರೆಯಬಹುದಿತ್ತೇನೋ, ಅದು ಬೆರಳಲ್ಲಿ ಕೂತಿತ್ತು. ಬೆರಳು ತಾನಾಗಿಯೇ ಜಾಗ ಹುಡುಕುತ್ತ ಹೋಗಿ, ಕೆಳಗೆ ಬಲಮೂಲೆಯಲ್ಲಿ, ಚೌಕಟ್ಟಿನ ಮರ ಬಟ್ಟೆಯನ್ನು ಮುಟ್ಟುವಲ್ಲಿ ಸೂಜಿಯನ್ನು ಅಡಗಿಸಿತು.

ಆಮೇಲೆಯೂ ಯಾರೂ ಚುಚ್ಚಲಿಲ್ಲ. ಬಗ್ಗಿ ಓದಿದರು, ತಲೆದೂಗಿದರು, ಹೋದರು.

ಇನ್ನೊಂದು ಬೆಳಿಗ್ಗೆ ಹಾಲು ತರಲು ಹೊರಟ ಮಾಸ್ಟರಿಗೆ ತಿರುವಿನ ಮೆಟ್ಟಿಲ ಮೇಲೆ ನರ್ಸ್ ಕೂತಿದ್ದು ಕಂಡಿತು. ರಾತ್ರಿ ಪಾಳಿ ಮುಗಿಸಿ ಬಂದವಳು ಬೂದು ಕೋಟಿನ ಗುಂಡಿಗಳನ್ನೂ ಬಿಚ್ಚದೆ ಗೋಡೆಗೆ ತಲೆಯಾನಿಸಿದ್ದಳು. ಮಾಸ್ಟರ್ ನಿಂತರು.

"ಕೀ ಒಳಗೇ ಬಿಟ್ಟು ಬಾಗಿಲು ಎಳ್ಕೊಂಡು ಹೋಗಿದ್ದೆ ನೋಡಿ" ಎಂದಳು ಕಣ್ಣು ತೆರೆದು. "ಇನ್ನೊಂದು ಕೀ ಆಸ್ಪತ್ರೆಯ ಗೆಳತಿ ಹತ್ರ ಇದೆ. ಪಾಪ, ಅವಳು ಊರಾಚೆಯಿಂದ ಬರಬೇಕು."

ಮಾಸ್ಟರಿಗೆ ಏನೋ ಹೊಳೆಯಿತು. "ನಮ್ಮಲ್ಲಿ... ಅಕ್ಕನ ಹತ್ರ..."

"ಇತ್ತು. ನೀವೇ ವಾಪಸ್ ಕೊಟ್ಟಿರಿ."

ಕೊಟ್ಟಿದ್ದು ನಿಜ. ಅಕ್ಕ ಹೋದ ಸ್ವಲ್ಪ ದಿನಕ್ಕೇ ಡಬ್ಬಿಯಲ್ಲಿದ್ದ ಬೀಗದ ಕೈಗಳನ್ನೆಲ್ಲ ಒರೆಸಿ, ಒಂದೊಂದು ಮನೆಯ ಬಾಗಿಲಿಗೂ ಹೋಗಿ ಒಪ್ಪಿಸಿ ಬಂದಿದ್ದರು. ಅಂಗಡಿ ಮುಚ್ಚಿದಾಗ ಗಿರಾಕಿಯ ಬಟ್ಟೆಯನ್ನು ಚಿಂದಿಯೂ ಉಳಿಸಿಕೊಳ್ಳದೆ ಹಿಂತಿರುಗಿಸಬೇಕು. ಅವರು ತಿಳಿದ ಮರ್ಯಾದೆ ಅದು.

"ನಿಮಗೆ ನಮ್ಮ ರಗಳೆ ಬೇಡ ಅನ್ನಿಸ್ತು" ಎಂದಳು ನರ್ಸ್. ಮಾತಿನಲ್ಲಿ ಆಕ್ಷೇಪವಿರಲಿಲ್ಲ, ನಿದ್ದೆ ಇತ್ತು. "ಎಲ್ಲರೂ ಹಾಗೇ ಅಂದ್ಕೊಂಡ್ವಿ. ದುಃಖದಲ್ಲಿದ್ದಾರೆ, ಒಬ್ಬರೇ ಇರೋಕೆ ಬಿಡೋಣ ಅಂತ."

ಮಾಸ್ಟರ್ ಕೈಯಲ್ಲಿದ್ದ ಹಾಲಿನ ಪಾತ್ರೆಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿದರು. ಈ ವರ್ಷವೆಲ್ಲ ತಟ್ಟದೇ ಉಳಿದ ಬಾಗಿಲು ಅವರ ಕಣ್ಣ ಮುಂದೆ ಬಂತು. ಅದನ್ನು ಜನ ಮುಚ್ಚಿರಲಿಲ್ಲ. ಒಂದೊಂದೇ ಬೀಗದ ಕೈ ಒಪ್ಪಿಸುತ್ತ ತಾವೇ ಮುಚ್ಚಿಕೊಂಡಿದ್ದರು.

"ಇದು ನೀವು ಮಾಡಿದ್ದಾ?" ನರ್ಸ್ ಬೋರ್ಡಿನ ಕಡೆ ಗಲ್ಲ ಎತ್ತಿದಳು. "ದಿನಾ ನೋಡ್ತೀನಿ. ಚೆನ್ನಾಗಿದೆ. ಅರ್ಥ ಮಾತ್ರ ಆಗಲ್ಲ. ಬರೀ ನೀಲಿ."

"ಬೋರ್ಡು" ಎಂದರು ಮಾಸ್ಟರ್. ಅಷ್ಟು ಸಾಲದೆನಿಸಿ, "ಚೀಟಿ ಚುಚ್ಚೋಕೆ" ಎಂದು ಸೇರಿಸಿದರು.

ನರ್ಸ್ ಎದ್ದು ಬೋರ್ಡಿನ ಹತ್ತಿರ ಬಂದಳು. ಮೂಲೆಯ ರಟ್ಟನ್ನು ಬಗ್ಗಿ ಓದಿದಳು, ಬಟ್ಟೆಯ ಮೇಲೆ ಅಂಗೈ ಆಡಿಸಿದಳು. "ಅಯ್ಯೋ ಮಾಸ್ಟರ್, ಇದು ಚಿತ್ರದ ಹೆಸರು ಅಂದ್ಕೊಂಡಿದ್ದೆ ನಾನು. ಪ್ರದರ್ಶನಗಳಲ್ಲಿ ಹೀಗೇ ಮೂಲೇಲಿ ಇಟ್ಟಿರ್ತಾರಲ್ಲ. ಇಂಥ ಬಟ್ಟೆಗೆ ಯಾರು ಸೂಜಿ ಹಾಕ್ತಾರೆ? ಮದುವೆ ಕೋಟಿನ ಹಾಗಿದೆ. ನೀವೇ ಒಂದೂ ಚುಚ್ಚಿಲ್ಲ."

ಮಾಸ್ಟರಿಗೆ ನಗು ಬಂತು. ನಿಮ್ಮ ಕೀ ಮತ್ತೆ ನಮ್ಮಲ್ಲಿಡಿ ಎನ್ನಬೇಕು. ಒಳಗೆ ಬಂದು ಕೂತಿರಿ, ಟೀ ಮಾಡುತ್ತೇನೆ ಎನ್ನಬೇಕು. ಎರಡೂ ಮಾತು ನಾಲಿಗೆಯ ತುದಿಗೆ ಬಂದು ತುಟಿಯ ಹತ್ತಿರ ನಿಂತವು, ಅಲ್ಲಿನ್ನೂ ಸೂಜಿಗಳಿವೆಯೇನೋ ಎಂಬಂತೆ. ಅಷ್ಟರಲ್ಲಿ ಕೆಳಗಿನಿಂದ ಗೆಳತಿ ಏದುಸಿರು ಬಿಡುತ್ತ ಹತ್ತಿಬಂದಳು. ಬೀಗದ ಕೈ ಇವಳ ಅಂಗೈಗೆ ಬಿತ್ತು. ಇಬ್ಬರೂ ಮೇಲೆ ಹೋದರು. ಮಾಸ್ಟರ್ ಹಾಲು ತರಲು ಹೋಗಿ, ಬ್ರೆಡ್ ತಂದರು.

ಮರುದಿನ ಮಧ್ಯಾಹ್ನ ಬೋರ್ಡಿನ ನಟ್ಟನಡುವೆ ಏನೋ ಹೊಳೆಯಿತು.

ಹತ್ತಿರ ಹೋದರು. ಬೂದು ಬಣ್ಣದ ಕೋಟಿನ ಗುಂಡಿ, ನಾಲ್ಕು ಕಣ್ಣಿನದು. ಒಂದು ಕಣ್ಣಿನೊಳಗಿಂದ ಗುಂಡುಸೂಜಿ ನೀಲಿ ಬಟ್ಟೆಯ ಮುಖಕ್ಕೇ ನೇರವಾಗಿ ಇಳಿದಿತ್ತು. ಕೆಳಗೊಂದು ಹರಿದ ಕಾಗದದ ಚೂರು: ಮೆಟ್ಟಿಲ ಮೇಲೆ ಸಿಕ್ಕಿತು. ಯಾರದು?

ಯಾರದೆಂದು ಮಾಸ್ಟರ್ ಕೇಳಬೇಕಾಗಿರಲಿಲ್ಲ. ನಿನ್ನೆ ಬೆಳಿಗ್ಗೆ ಆ ಕೋಟಿನ ಗುಂಡಿಗಳೆಲ್ಲ ಹಾಕಿದಂತೆ ಇದ್ದದ್ದನ್ನು ಅವರೇ ನೋಡಿದ್ದರು. ಸೂಜಿ ಕಿತ್ತು ಗುಂಡಿಯನ್ನು ಅಂಗೈ ಮೇಲಿಟ್ಟು ತಿರುಗಿಸಿದರು. ಕಣ್ಣುಗಳಲ್ಲಿ ದಾರದ ತುಣುಕುಗಳು ಇನ್ನೂ ಇದ್ದವು. ಸವೆದು ಬಿದ್ದ ಗುಂಡಿಯ ದಾರ ಜುಂಗಾಗಿ, ತುದಿ ಸಣ್ಣಗಾಗಿ ಇರುತ್ತದೆ. ಇದರ ದಾರ ಹೊಸದರಷ್ಟು ದಪ್ಪಗಿತ್ತು. ನಾಲ್ಕೂ ತುದಿಗಳನ್ನು ಕತ್ತರಿಯಿಂದ ಒಂದೇ ಸಮಕ್ಕೆ ಕತ್ತರಿಸಲಾಗಿತ್ತು.

ಯಾರಾದರೂ ತಮಗಾಗಿ ಗಟ್ಟಿಯಾದ ಗುಂಡಿಯೊಂದನ್ನು ಕತ್ತರಿಸಿ ಬಿಡಬಲ್ಲರೆಂದು ಅವರು ಎಣಿಸಿರಲಿಲ್ಲ.

ಮನೆಗೆ ಹೋಗಿ ಸೂಜಿಗೆ ಬೂದು ದಾರ ಪೋಣಿಸಿದರು. ಬಣ್ಣ ಸ್ವಲ್ಪ ತಿಳಿಯಾಯಿತೆನಿಸಿ ಇನ್ನೊಂದು ಉಂಡೆ ಹುಡುಕಿದರು. ಅಭ್ಯಾಸಬಲದಿಂದ ಸೂಜಿಯನ್ನು ತುಟಿಗಿಟ್ಟು ಮೆಟ್ಟಿಲು ಹತ್ತತೊಡಗಿದವರು, ಎರಡನೇ ಮಹಡಿ ತಲುಪುವ ಮೊದಲು ಅದನ್ನು ತೆಗೆದು ಅಂಗಿಯ ಅಂಚಿಗೆ ಸಿಕ್ಕಿಸಿಕೊಂಡರು. ಬಾಗಿಲ ಮುಂದೆ ನಿಂತು, ಮಾತನ್ನು ಒಂದು ಸಲ ಮನಸ್ಸಿನಲ್ಲಿ ಹೊಲಿದು ನೋಡಿಕೊಂಡು, ತಟ್ಟಿದರು.

"ನಾನು, ಮಾಸ್ಟರ್. ಅಕ್ಕನ ತಮ್ಮ" ಎಂದರು, ಬಾಗಿಲು ತೆರೆದವಳಿಗೆ. "ಗುಂಡಿ ಹಾಕಿ ಕೊಡ್ತೀನಿ. ಕೋಟು ಕೊಡಿ."

"ನಂದೇನಾ ಅದು?" ಎಂದಳು ನರ್ಸ್, ಕೋಟು ತರಲು ಅತ್ತ ತಿರುಗುತ್ತ. "ಎಲ್ಲಿ ಬಿತ್ತೋ ಗೊತ್ತೇ ಆಗಲಿಲ್ಲ."

"ಗುಂಡಿಗಳು. ಬೀಳ್ತಾ ಇರ್ತವೆ."

ಕಿಟಕಿಯ ಪಕ್ಕದ ಸ್ಟೂಲಿನ ಮೇಲೆ ಕೂತು ಹೊಲಿದರು. ನರ್ಸ್ ಎದುರಿಗೆ ನಿಂತು ಅವರ ಕೈಯನ್ನೇ ನೋಡುತ್ತಿದ್ದಳು. ಹೆಚ್ಚು ಮಾತೇನೂ ಆಗಲಿಲ್ಲ. ಅಂಗಡಿಯಲ್ಲಿ ಒಬ್ಬ ಗಿರಾಕಿ ಹೊಟ್ಟೆ ಒಳಗೆ ಎಳೆದುಕೊಂಡು ಅಳತೆ ಕೊಟ್ಟು, ಕೋಟು ಸಿದ್ಧವಾದ ಮೇಲೆ ಉಸಿರು ಬಿಡಲಾಗದೆ ಜಗಳಕ್ಕೆ ಬಂದದ್ದನ್ನು ಮಾಸ್ಟರ್ ಹೇಳಿದರು. ಹೇಳುವಾಗ ಮಾತು ನಡುವೆ ಎರಡು ಸಲ ತಡೆಯಿತು. ಅವಳು ನಕ್ಕಳು. ದಾರ ಕತ್ತರಿಸಿ, ಗಂಟನ್ನು ಬಟ್ಟೆಯೊಳಗೆ ಅಡಗಿಸಿ ಎದ್ದರು. ಬಾಗಿಲವರೆಗೆ ಬಂದು ನಿಂತರು, ತಿರುಗಿದರು.

"ಇನ್ನೊಂದು ಕೀ" ಎಂದರು. "ನಮ್ಮಲ್ಲಿರಲಿ. ನನಗೇನೂ ರಗಳೆ ಇಲ್ಲ."

ಕೆಳಗಿಳಿಯುವಾಗ ಬೀಗದ ಕೈ ಅವರ ಮುಷ್ಟಿಯಲ್ಲಿತ್ತು. ತಮ್ಮ ಮನೆಯ ಬಾಗಿಲು ದಾಟಿ ತಿರುವಿಗೆ ಹೋದರು. ಬೋರ್ಡಿನ ನಡುವೆ ಗುಂಡಿ ಇದ್ದಲ್ಲಿ ಒಂದು ತೂತು ಉಳಿದಿತ್ತು. ಒಳ್ಳೆಯ ಉಣ್ಣೆಬಟ್ಟೆ, ಉಗುರಿನಿಂದ ಎರಡು ಸಲ ಉಜ್ಜಿದರೆ ಎಳೆಗಳು ಕೂಡಿಕೊಂಡು ಗುರುತೇ ಇರುವುದಿಲ್ಲ. ಉಗುರು ಅಲ್ಲಿಯವರೆಗೆ ಹೋಯಿತು. ಮಾಸ್ಟರ್ ಕೈ ಹಿಂದಕ್ಕೆ ತೆಗೆದುಕೊಂಡರು. ಮೂಲೆಯ ರಟ್ಟನ್ನು ಬಿಡಿಸಿ, ಕೆಳಗೆ 'ಮೊದಲ ಮಹಡಿ, ಬಾಗಿಲು ತೆರೆದಿರುತ್ತದೆ' ಎಂದು ಸೇರಿಸಿ ಬರೆದು, ಆ ತೂತಿನ ಪಕ್ಕದಲ್ಲೇ ಚುಚ್ಚಿದರು. ಬಟ್ಟೆಯ ಮುಖಕ್ಕೆ ಸೂಜಿ ಇಳಿದಾಗ ಬೆರಳ ಗಂಟುಗಳು ಒಮ್ಮೆ ಬಿಗಿದವು.

ಮನೆಗೆ ಬಂದು ಬೀಗದ ಕೈಯನ್ನು ಬೋಳು ಗೋಡೆಯ ಮೊಳೆಗೆ ತೂಗಿದರು. ಅಕ್ಕನ ಕುರ್ಚಿಯನ್ನು ಬಾಗಿಲಿಗೆ ಎಳೆದು ಕೂತರು. ಅಷ್ಟು ದಿನ ಎದುರಿಗಿದ್ದ ಕುರ್ಚಿಯಲ್ಲಿ ತಾವು ಕೂತದ್ದು ಅದೇ ಮೊದಲು. ಬೆನ್ನಿನ ಕಡೆ ಅದು ಸ್ವಲ್ಪ ಕುಸಿದಿತ್ತು, ಅವಳ ಅಳತೆಗೆ. ಆ ಸಂಜೆ ಯಾರೂ ಬರಲಿಲ್ಲ. ಮೆಟ್ಟಿಲ ಮೇಲೆ ಒಂದೆರಡು ಹೆಜ್ಜೆಗಳು ಹತ್ತಿದವು, ತೆರೆದ ಬಾಗಿಲು ಕಂಡು ಒಂದಿಷ್ಟು ನಿಧಾನವಾದವು, ಮತ್ತೆ ಮುಂದೆ ಹೋದವು. ಮಾಸ್ಟರ್ ಎದ್ದು ದೀಪ ಹಾಕಿ ಒಲೆಯ ಮೇಲೆ ನೀರಿಟ್ಟರು. ಎಂದಿನಂತೆ ಕೈ ತಪ್ಪಿ ಇಬ್ಬರಿಗಾಗುವಷ್ಟು ಬಿತ್ತು. ಚೆಲ್ಲಲಿಲ್ಲ. ಎರಡು ಲೋಟ ತೊಳೆದಿಟ್ಟುಕೊಂಡು, ಬಾಗಿಲು ಹಾಗೇ ಬಿಟ್ಟು, ಮತ್ತೆ ಬಂದು ಕೂತರು.